ಮಕ್ಕಳ ಕೈಗೆ ಎಐ: ಯಾವ ವಯಸ್ಸಿಗೆ ಎಷ್ಟು ಕೊಡಬೇಕು, ಯಾವಾಗ ತೆಗೀಬೇಕು?

ದುರ್ಗದ ಕನ್ನಡ ಮೇಷ್ಟ್ರು · ಭಾನುವಾರ ಬೆಳಿಗ್ಗೆ 8:10

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಹದಿನಾರು ವರ್ಷದಿಂದ ಕನ್ನಡ ಪಾಠ ಮಾಡ್ತಿದ್ದೀನಿ. ಹೋದ ತಿಂಗಳು ನಡೆದ ಒಂದು ಸಂಗತಿ ತಲೆಯಿಂದ ಹೋಗ್ತಾನೇ ಇಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಒಂಬತ್ತನೇ ತರಗತಿಯವರಿಗೆ 'ನನ್ನ ಊರು' ಅಂತ ಪ್ರಬಂಧ ಕೊಟ್ಟಿದ್ದೆ. ಒಬ್ಬ ಹುಡುಗ ಎರಡು ಪುಟ ತುಂಬಾ ಬರೆದು ತಂದ. ಮುತ್ತು ಪೋಣಿಸಿದ ಹಾಗೆ ಅಕ್ಷರ, ಒಂದು ಕಾಗುಣಿತದ ತಪ್ಪಿಲ್ಲ. "ನಮ್ಮ ಊರು ಹಸಿರು ಬೆಟ್ಟಗಳ ಮಡಿಲಲ್ಲಿದೆ. ಊರಿನ ಪಕ್ಕದಲ್ಲಿ ಜುಳುಜುಳು ಹರಿಯುವ ನದಿ ನಮ್ಮೆಲ್ಲರ ಜೀವನಾಡಿ" ಅಂತ ಶುರುವಾಗಿತ್ತು. ಆ ಊರಿಗೆ ನಾನು ಹತ್ತಾರು ಸಲ ಹೋಗಿದ್ದೀನಿ. ಅಲ್ಲಿರೋದು ಶೇಂಗಾ ಹೊಲ, ಜಾಲಿ, ಒಂದು ಹಳ್ಳ. ಆ ಹಳ್ಳದಲ್ಲಿ ನೀರು ಕಾಣೋದು ಜೋರು ಮಳೆ ಬಿದ್ದ ಎರಡು ದಿನ. ಹುಡುಗನ್ನ ಪಕ್ಕಕ್ಕೆ ಕರೆದು "ಈ ನದಿ ಎಲ್ಲೈತಪ್ಪಾ?" ಅಂದೆ. ತಲೆ ತಗ್ಗಿಸಿ ನಿಂತ. ಅಣ್ಣನ ಫೋನಲ್ಲಿ ಎಐ ಕೇಳಿದನಂತೆ. ಬಂದದ್ದನ್ನ ರಾತ್ರಿ ಹನ್ನೊಂದರ ತನಕ ಕೂತು ನೋಡಿ ನೋಡಿ ಬರೆದಿದ್ದಾನೆ. ಮೈಗಳ್ಳ ಅಲ್ಲ ಅವನು. ಅಷ್ಟು ಹೊತ್ತು ಕೂತವನು ತಾನು ದಿನಾ ದಾಟಿ ಬರೋ ಹಳ್ಳದ ಬಗ್ಗೆ ಒಂದು ಸಾಲು ಬರೆದಿಲ್ಲ. ಯಾಕೆ ಅಂದ್ರೆ "ನಾನು ಬರೆದ್ರೆ ಚೆನ್ನಾಗಿರಲ್ಲ ಸಾರ್" ಅಂದ.

ಆ ಮಾತಿಗೆ ಅವತ್ತು ನನ್ನ ಹತ್ರ ಉತ್ತರ ಇರಲಿಲ್ಲ.

ಕೇಳಿದ್ದನ್ನ ಬರೆದುಕೊಡೋ ಚಾಟ್‌ಜಿಪಿಟಿ ಅನ್ನೋ ಎಐ ಬಂದದ್ದು 2022ರ ನವೆಂಬರ್ ಕೊನೆಗೆ. ಆಗ ಪ್ರಾಥಮಿಕ ಶಾಲೆಯಲ್ಲಿದ್ದ ಮಕ್ಕಳೇ ಈಗ ನನ್ನ ಮುಂದೆ ಕೂತಿರೋದು. ಮುಟ್ಟಬೇಡ ಅಂದ್ರೆ ಗೇಟಿನಾಚೆ ಮುಟ್ಟುತ್ತಾರೆ, ಹೆಂಗಾದ್ರೂ ಬಳಸ್ಕೊ ಅಂದ್ರೆ ನದಿ ಇಲ್ಲದ ಊರಿಗೆ ನದಿ ಬರುತ್ತೆ. ನನಗೆ ಅನ್ನಿಸಿರೋದು ಇಷ್ಟು: ಮಗು ಯಾವುದನ್ನ ತಾನೇ ಒರೆಗೆ ಹಚ್ಚಿ ನೋಡಬಲ್ಲದೋ ಅಷ್ಟಕ್ಕೆ ಮಾತ್ರ ಈ ಸಹಾಯ ಕೊಡಬೇಕು. ಬಲ ಬಂದ ಹಾಗೆ ಹೊಸದಕ್ಕೆ ಬಳಸೋದು ಕಲಿಸಬೇಕು, ಹಳೇದರಿಂದ ಸಹಾಯ ತೆಗೀತಾ ಬರಬೇಕು. ಇದನ್ನ ತರಗತಿಯಲ್ಲಿ, ಮನೆಯಲ್ಲಿ ಹೇಗೆ ಮಾಡೋದು? ನಿಮ್ಮ ನಿಮ್ಮ ಅನುಭವ ಹೇಳಿ.

ನಿವೃತ್ತ ಹೆಡ್‌ಮೇಷ್ಟ್ರು, ಹೊಳಲ್ಕೆರೆ · ಭಾನುವಾರ ಬೆಳಿಗ್ಗೆ 9:25

ಮೇಷ್ಟ್ರೇ, ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ, ಬೇಸರ ಮಾಡ್ಕೋಬೇಡಿ. ಹತ್ತನೇ ತರಗತಿ ಮುಗಿಯೋ ತನಕ ಇದು ಬೇಡವೇ ಬೇಡ. ಕ್ಯಾಲ್ಕುಲೇಟರ್ ಬಂದು ಎಷ್ಟು ದಶಕ ಆಯ್ತು? ಪ್ರತಿ ಅಂಗಡಿ ಗಲ್ಲಾದ ಮೇಲೂ ಒಂದಿದೆ. ಆದ್ರೂ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇವತ್ತಿಗೂ ಬಿಡಲ್ಲ. ಯಾಕೆ? ಮಗ್ಗಿ ಬಾಯಲ್ಲಿದ್ದವನಿಗೆ ಬೆರಳು ಜಾರಿ ತಪ್ಪು ಗುಂಡಿ ಒತ್ತಿದ್ದು ಕೂಡಲೇ ಗೊತ್ತಾಗುತ್ತೆ. ಮಗ್ಗಿ ಬಾರದವನಿಗೆ 36 ಬಂದ್ರೂ ಸರಿ, 360 ಬಂದ್ರೂ ಸರಿ. ಮೊದಲು ಓದು, ಬರಹ, ಬಾಯಿಲೆಕ್ಕ ಗಟ್ಟಿಯಾಗಲಿ.

ದುರ್ಗದ ಕನ್ನಡ ಮೇಷ್ಟ್ರು · ಭಾನುವಾರ ಬೆಳಿಗ್ಗೆ 10:02

ಗುರುಗಳೇ, ಬೇಸರ ಎಲ್ಲಿಂದ ಬಂತು. ನಾನು ಹೇಳಬೇಕು ಅಂದುಕೊಂಡಿದ್ದನ್ನ ನೀವು ಮಗ್ಗಿಯಲ್ಲಿ ಹೇಳಿಬಿಟ್ರಿ. 36ಕ್ಕೂ 360ಕ್ಕೂ ವ್ಯತ್ಯಾಸ ಕಾಣೋ ಮಗುವಿಗೆ ಯಂತ್ರ ಅಪಾಯ ಅಲ್ಲ. ಆದ್ರೆ ಆ ಕಣ್ಣು ಹತ್ತನೇ ತರಗತಿ ಫಲಿತಾಂಶ ಬಂದ ದಿನ ತಾನಾಗಿ ತೆರೆಯೋದಿಲ್ಲವಲ್ಲ. ಒಂದೊಂದು ವಿಷಯಕ್ಕೆ ಒಂದೊಂದು ಹೊತ್ತಿಗೆ ತೆರೆಯುತ್ತೆ, ಅದನ್ನ ತೆರೆಸೋರು ನಾವೇ ಆಗಬೇಕು.

ವಿದ್ಯಾನಗರದ ತಾಯಿ, ದಾವಣಗೆರೆ · ಭಾನುವಾರ ಮಧ್ಯಾಹ್ನ 1:40

ನನ್ನ ಮಗ ಸೆಕೆಂಡ್ ಪಿಯುಸಿ ಸೈನ್ಸ್ ರೀ. ಕಾಲೇಜಿಂದ ಬಂದವನು ಕೋಣೆ ಸೇರಿದ್ರೆ ಊಟಕ್ಕೇ ಹೊರಗೆ ಬರೋದು. ಓದ್ತಿದಾನೆ ಅಂತ ನಾನೂ ಸುಮ್ನಿದ್ದೆ. ಅಸೈನ್‌ಮೆಂಟ್ ಎಲ್ಲಾ ಪೂರ್ತಿ ಸರಿ, ಪ್ರಾಜೆಕ್ಟೂ ಚೆನ್ನಾಗಿ ಮಾಡ್ಯಾನ. ಕಾಲೇಜಿನ ಟೆಸ್ಟಲ್ಲಿ ಮಾತ್ರ ಅರ್ಧ ಹಾಳೆ ಬಿಳೀದು. ಕೇಳಿದ್ರೆ "ಮನೇಲಿ ಎಲ್ಲಾ ಅರ್ಥ ಆಗಿತ್ತಮ್ಮಾ, ಅಲ್ಲಿ ಕೂತಾಗ ನೆನಪಿಗೇ ಬರಲಿಲ್ಲ" ಅಂತಾನ. ಸುಳ್ಳು ಹೇಳೋ ಹುಡುಗ ಅಲ್ಲ. ನಾನು ಏಳನೇ ಕ್ಲಾಸಿಗೆ ಬಿಟ್ಟೋಳು, ಅವನ ಪುಸ್ತಕ ನನಗೆ ತಿಳಿಯಲ್ಲ. ಅವನು ಕಲೀತಿದಾನೋ ಬರೀ ಇಳಿಸ್ಕೊಳ್ತಿದಾನೋ ಅಂತ ನಾನು ಹೆಂಗೆ ತಿಳ್ಕೊಳ್ಳೋದು?

ಗಣಿತದ ಟ್ಯೂಷನ್, ದಾವಣಗೆರೆ · ಭಾನುವಾರ ಸಂಜೆ 5:15

ಅಕ್ಕಾರೆ, ನಿಮ್ಮ ಮಗ ಹೇಳಿದ್ದು ನಿಜ. ಬಿಡಿಸಿಟ್ಟ ಲೆಕ್ಕ ಓದುವಾಗ ಎಲ್ಲರಿಗೂ ಅರ್ಥ ಆಗುತ್ತೆ. ಅರ್ಥ ಆಯ್ತು ಅನ್ನೋದಕ್ಕೂ ಬರುತ್ತೆ ಅನ್ನೋದಕ್ಕೂ ಬಹಳ ದೂರ. ಅದನ್ನ ತಿಳಿಯೋಕೆ ನೀವು ಪಿಯುಸಿ ಓದಿರಬೇಕಾಗಿಲ್ಲ. ರಾತ್ರಿ ಊಟ ಆದ ಮೇಲೆ ಫೋನು, ಪುಸ್ತಕ ಎರಡನ್ನೂ ಮುಚ್ಚಿಸಿ "ಇವತ್ತು ಓದಿದ್ದನ್ನ ನನಗೆ ತಿಳಿಯೋ ಹಂಗೆ ಹೇಳಪ್ಪಾ" ಅನ್ನಿ. ತಿಳೀಲಿಲ್ಲ ಅಂದ್ರೆ "ಯಾಕೆ?", "ಹೆಂಗೆ?" ಅಂತ ಎರಡೇ ಪ್ರಶ್ನೆ ಹಾಕಿ. ಎಲ್ಲಿ ತಡವರಿಸ್ತಾನೋ ಅಲ್ಲಿಗೆ ಅವನ ಓದು ನಿಂತಿದೆ. ಅಷ್ಟು ಗುರುತು ಹಾಕ್ಕೊಳ್ಳಿ ಸಾಕು.

ಇನ್ನು ಮೇಷ್ಟ್ರು ಕೇಳಿದ್ದಕ್ಕೆ ನನ್ನ ಟ್ಯೂಷನ್ನಲ್ಲಿ ನಡೆದದ್ದು ಹೇಳ್ತೀನಿ. ಹತ್ತನೇ ತರಗತಿ, ಸಮಾಂತರ ಶ್ರೇಢಿ. 3, 7, 11 ಹೀಗೆ ಹೋಗೋ ಶ್ರೇಢಿಯ ಮೊದಲ 20 ಪದಗಳ ಮೊತ್ತ ಕಂಡುಹಿಡಿಯಿರಿ ಅಂತ ಲೆಕ್ಕ. ಒಬ್ಬಳು ಹುಡುಗಿಗೆ 860 ಬಂತು. ಸರಿ ಉತ್ತರ 820. ಮೊದಲಾಗಿದ್ರೆ ಫೋಟೋ ತೆಗೆದು ಎಐಗೆ ಹಾಕೋಳು, ಅದು ಪೂರ್ತಿ ಬಿಡಿಸಿ ಕೊಡೋದು, ಇವಳು "ಓ, ಹಿಂಗಾ" ಅಂದು ಮುಂದಿನ ಲೆಕ್ಕಕ್ಕೆ ಹೋಗೋಳು. ಮಾರನೇ ವಾರ ಅದೇ ತಪ್ಪು.

ಈಗ ನಾನು ಅವರಿಗೆ ಕೇಳೋ ರೀತಿಯನ್ನೇ ಬದಲಿಸಿದೀನಿ. ತನ್ನ ಲೆಕ್ಕವನ್ನ ಪೂರ್ತಿ ಬರೆದು, ಕೆಳಗೆ ಹೀಗೆ ಸೇರಿಸಬೇಕು: "ನಾನು ಹತ್ತನೇ ತರಗತಿ. ಇದು ನಾನೇ ಮಾಡಿದ ಲೆಕ್ಕ. ಸರಿ ಉತ್ತರ ಹೇಳಬೇಡ, ಬಿಡಿಸಿ ತೋರಿಸಬೇಡ. ತಪ್ಪು ಯಾವ ಸಾಲಲ್ಲಿದೆ ಅಂತ ಮಾತ್ರ ಹೇಳಿ, ನನಗೊಂದು ಪ್ರಶ್ನೆ ಕೇಳು." ಅದು ಅವಳಿಗೆ ಕೇಳಿದ್ದು, "ಮೊದಲ ಪದದಿಂದ ಇಪ್ಪತ್ತನೇ ಪದಕ್ಕೆ ಹೋಗೋಕೆ ಎಷ್ಟು ಹೆಜ್ಜೆ ಇಡಬೇಕು?" ಹುಡುಗಿ ಬೆರಳು ಮಡಿಚಿ ಎಣಿಸೋಕೆ ಶುರು ಮಾಡಿದ್ಲು. ಐದನೇ ಪದಕ್ಕೆ ನಾಲ್ಕು ಹೆಜ್ಜೆ, ಆರನೇದಕ್ಕೆ ಐದು. ಅಲ್ಲಿಗೇ ನಿಲ್ಲಿಸಿ "ಸಾರ್, ಹತ್ತೊಂಬತ್ತು! ನಾನು ಇಪ್ಪತ್ತು ಹಾಕಿದೀನಿ" ಅಂತ ಕೂಗಿದ್ಲು. ಸೂತ್ರದಲ್ಲಿ ಒಂದನ್ನ ಯಾಕೆ ಕಳೀಬೇಕು ಅಂತ ನಾನು ಬೋರ್ಡ್ ಮೇಲೆ ಮೂರು ಸಲ ಹೇಳಿದ್ದು ಅವತ್ತು ಅವಳ ಬೆರಳಿಗೆ ಸಿಕ್ಕಿತ್ತು.

ಆಮೇಲೆ ನನ್ನ ಕಡೆಯಿಂದ ಇನ್ನೊಂದು. "ಯಂತ್ರ ಸರಿ ಅಂದಿದ್ದು ಸರಿನಾ ಅಂತ ನೀನು ಹೆಂಗೆ ನೋಡ್ತೀಯ?" ಕೊನೇ ಪದ 79. ಮೊದಲನೇದು 3. ಎರಡರ ಸರಾಸರಿ 41. ಇಪ್ಪತ್ತು ಪದ, ಅಂದ್ರೆ 820. ಬೇರೆ ದಾರಿಯಿಂದ ಹೋದ್ರೂ ಅದೇ ಊರು ಸಿಕ್ತು. ಈ ಎರಡನೇ ದಾರಿ ಗೊತ್ತಿಲ್ಲದ ಲೆಕ್ಕಕ್ಕೆ ಎಐ ಮುಟ್ಟೋ ಹಾಗಿಲ್ಲ ಅಂತ ನಮ್ಮಲ್ಲಿ ನಿಯಮ. ಮೂರು ವಾರ ಆದ ಮೇಲೆ ಆ ಅಧ್ಯಾಯಕ್ಕೆ ಫೋನೇ ಬಂದ್. ಮುಂದಿನ ಅಧ್ಯಾಯಕ್ಕೆ ಮತ್ತೆ ಮೊದಲಿಂದ.

ಶಿಕ್ಷಕರ ತರಬೇತಿಯಲ್ಲಿರುವವಳು · ಭಾನುವಾರ ರಾತ್ರಿ 8:50

ಟ್ಯೂಷನ್ ಸಾರ್ ಮಾಡ್ತಿರೋದಕ್ಕೆ ದೊಡ್ಡ ಪ್ರಯೋಗದ ಬೆಂಬಲವೂ ಇದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಟರ್ಕಿ ದೇಶದ ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ಮಕ್ಕಳನ್ನ ಇಟ್ಕೊಂಡು ಗಣಿತದಲ್ಲೇ ಇದನ್ನ ನೋಡಿದ್ರು. ಒಂದು ಗುಂಪಿಗೆ ಮಾಮೂಲಿ ಚಾಟ್‌ಜಿಪಿಟಿಯಂಥದ್ದು, ಇನ್ನೊಂದಕ್ಕೆ ಉತ್ತರ ಬಿಟ್ಟುಕೊಡದೆ ಸುಳಿವು ಮಾತ್ರ ಕೊಡೋ ಹಾಗೆ ಕಟ್ಟಿದ್ದು, ಮೂರನೇದಕ್ಕೆ ಬರೀ ಪುಸ್ತಕ, ನೋಟ್ಸು. ಅಭ್ಯಾಸದ ಹೊತ್ತಲ್ಲಿ ಮೊದಲ ಗುಂಪಿನ ಅಂಕ ಪುಸ್ತಕದವರಿಗಿಂತ ಶೇಕಡ 48 ಹೆಚ್ಚು, ಸುಳಿವಿನ ಗುಂಪಿನದು ಶೇಕಡ 127 ಹೆಚ್ಚು. ಆಮೇಲೆ ಯಂತ್ರ ಕಿತ್ಕೊಂಡು ಪರೀಕ್ಷೆ ಕೊಟ್ರು. ಮಾಮೂಲಿ ಎಐ ಬಳಸಿದವರು, ಅದನ್ನ ನೋಡೇ ಇಲ್ಲದವರಿಗಿಂತ ಶೇಕಡ 17 ಕಡಿಮೆ ತೆಗೆದ್ರು. ಸುಳಿವಿನ ಗುಂಪಿಗೆ ಆ ಪೆಟ್ಟು ಬಹುಮಟ್ಟಿಗೆ ತಪ್ಪಿತು. 2025ರಲ್ಲಿ ಇದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯ್ತು.

ವಿದ್ಯಾನಗರದ ಅಮ್ಮನವರು ಗಮನಿಸಬೇಕಾದ್ದು ಇದು: ಅಂಕ ಕಡಿಮೆ ಬಂದ ಆ ಮಕ್ಕಳಿಗೆ ತಾವು ಕಡಿಮೆ ಕಲಿತಿದ್ದೀವಿ ಅಂತ ಅನ್ನಿಸಿಯೇ ಇರಲಿಲ್ಲ. ನಿಮ್ಮ ಮಗನ ಕಥೆಯೂ ಅದೇ. ಬೈಬೇಡಿ ಅವನಿಗೆ.

ಬಿಇ ಮೂರನೇ ವರ್ಷ · ಭಾನುವಾರ ರಾತ್ರಿ 10:30

ನಾನು ಆ ಮೊದಲನೇ ಗುಂಪಿನವನೇ. ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್. ಎರಡನೇ ವರ್ಷ ಡೇಟಾ ಸ್ಟ್ರಕ್ಚರ್ ಲ್ಯಾಬಿನ ಅಷ್ಟೂ ಪ್ರೋಗ್ರಾಂ ಎಐಯಿಂದಲೇ ಬರೆಸಿದ್ದೆ. ಎಲ್ಲಾ ಓಡ್ತಿದ್ದವು. ಲ್ಯಾಬ್ ಪರೀಕ್ಷೆ ದಿನ ಲಿಂಕ್ಡ್ ಲಿಸ್ಟ್ (ಸರಪಳಿ ಹಾಗೆ ಒಂದಕ್ಕೊಂದು ಜೋಡಿಸಿಟ್ಟ ಮಾಹಿತಿ, ಅದರ ಒಂದೊಂದು ಕೊಂಡಿಗೂ ನೋಡ್ ಅಂತಾರೆ) ಬಂತು, ಬಾಯಿಪಾಠ ಮಾಡಿದ್ದನ್ನ ಬರೆದೆ. ಎಕ್ಸ್‌ಟರ್ನಲ್, ಅಂದ್ರೆ ಹೊರಗಿನ ಪರೀಕ್ಷಕರು ಬಂದು, "ಮಧ್ಯದ ನೋಡ್ ತೆಗೆಯೋ ಹಾಗೆ ಬದಲಿಸು" ಅಂದ್ರು. ಮೂರ್ನಾಲ್ಕು ಸಾಲಿನ ಕೆಲಸ. ಕೈ ಕೀಬೋರ್ಡ್ ಮೇಲೆ, ತಲೆ ಖಾಲಿ. ಅವರು ಏನೂ ಅನ್ನಲಿಲ್ಲ, ಮುಂದಿನ ಹುಡುಗನ ಹತ್ರ ಹೋದ್ರು. ಆ ಹತ್ತು ನಿಮಿಷ ನಾನು ಮರೆಯಲ್ಲ.

ಆಮೇಲೆ ಒಂದು ಪದ್ಧತಿ ಹಾಕ್ಕೊಂಡೆ. ಮೊದಲ ಅರ್ಧ ಗಂಟೆ ನಾನು, ಹಾಳೆ, ಪೆನ್ನು. ನೋಡ್, ಬಾಣ ಎಲ್ಲಾ ಚಿತ್ರ ಬಿಡಿಸೋದು. ಸಿಕ್ಕಿಹಾಕ್ಕೊಂಡ್ರೆ ಎಐಗೆ ಕೋಡ್ ಕೇಳೋದಿಲ್ಲ, ನನ್ನ ಎರರ್ ಹಾಕಿ ಇದರ ಅರ್ಥ ಏನು ಅಂತ ಕೇಳ್ತೀನಿ. ಓಡಿದ ಮೇಲೆ ಫೈಲ್ ಮುಚ್ಚಿ, ಮಾರನೇ ದಿನ ಬೆಳಿಗ್ಗೆ ಖಾಲಿ ಫೈಲ್ ತೆಗೆದು ಮತ್ತೆ ಬರೀತೀನಿ. ಬರದಿದ್ರೆ ಆ ಪ್ರೋಗ್ರಾಂ ನನಗೆ ಬರಲ್ಲ ಅಂತಲೇ ಲೆಕ್ಕ. ಮೊದಲ ತಿಂಗಳು ನರಕ. ಗೆಳೆಯರು ಹತ್ತು ಮುಗಿಸೋ ಹೊತ್ತಿಗೆ ನನ್ನದು ಮೂರು. ಈಗ ಅದೇ ಎಐ ಕೊಟ್ಟ ಕೋಡಲ್ಲಿ ಖಾಲಿ ಲಿಸ್ಟ್ ಬಂದ್ರೆ ಏನಾಗುತ್ತೆ ಅಂತ ನೋಡೇ ಇಲ್ಲ ಅನ್ನೋದು ನನ್ನ ಕಣ್ಣಿಗೆ ಬೀಳುತ್ತೆ. ಹಿಡಿಯೋದು ಬಂದ ಮೇಲೆ ಅದು ನಿಜಕ್ಕೂ ಒಳ್ಳೇ ಸಹಾಯ. ಇದನ್ನ ಯಾರಾದ್ರೂ ನನಗೆ ಮೊದಲೇ ಹೇಳಿಕೊಟ್ಟಿದ್ರೆ ಅನ್ನಿಸುತ್ತೆ.

ನಿವೃತ್ತ ಹೆಡ್‌ಮೇಷ್ಟ್ರು, ಹೊಳಲ್ಕೆರೆ · ಸೋಮವಾರ ಬೆಳಿಗ್ಗೆ 7:05

ತಮ್ಮಾ, ನಿನ್ನ ಮಾತು ಮನಸ್ಸಿಗೆ ನಾಟಿತು. ಆದ್ರೆ ನಿನಗೆ ಇಪ್ಪತ್ತು ವರ್ಷ, ನಿಯಮ ಹಾಕ್ಕೊಂಡು ಪಾಲಿಸಿದೆ. ಹತ್ತು ವರ್ಷದ ಮಗುವಿಗೆ ಆ ಹಿಡಿತ ಎಲ್ಲಿಂದ ಬರುತ್ತೆ? ನಾಲ್ಕನೇ, ಐದನೇ ತರಗತಿಗೂ ಎಐ ಪಾಠ ಅನ್ನೋ ಮಾತು ಕೇಳಿಬರ್ತಿದೆ. ಅಲ್ಲಿ ಏನು ಹೇಳಿಕೊಡ್ತೀರಿ ನೀವು?

ಕಿರಿಯರ ಟೀಚರ್, ದಾವಣಗೆರೆ · ಸೋಮವಾರ ಸಂಜೆ 6:20

ಗುರುಗಳೇ, ನಾನು ಐದನೇ ತರಗತಿಗೆ ಹೇಳಿಕೊಡ್ತೀನಿ, ಫೋನೂ ಇಲ್ಲ ಕಂಪ್ಯೂಟರೂ ಇಲ್ಲ. ಬೋರ್ಡು, ಸೀಮೆಸುಣ್ಣ ಅಷ್ಟೇ. ಹೇಗೆ ಅಂತ ಕೇಳಿ.

ಬೋರ್ಡ್ ಮೇಲೆ 'ಬೆಣ್ಣೆ' ಅಂತ ಬರೆದು, ಮುಂದಿನ ಪದ ಏನು ಅಂದೆ. ಇಡೀ ಕ್ಲಾಸು "ದೋಸೆ!" ಅಂತು. 'ಮಂಡಕ್ಕಿ' ಅಂದೆ, "ಮೆಣಸಿನಕಾಯಿ!" ಅಂದ್ರು. ಯಾಕೆ ಎಲ್ಲರೂ ಒಂದೇ ಹೇಳಿದ್ರಿ? "ಯಾವಾಗ್ಲೂ ಹಂಗೇ ಕೇಳಿರ್ತೀವಲ್ಲ ಮಿಸ್." ಬೇರೆ ಊರಲ್ಲಿ ಕೇಳಿದ್ರೆ? ಒಬ್ಬಳು ಯೋಚನೆ ಮಾಡಿ, "ಅಲ್ಲಿ ಬೆಣ್ಣೆ ಕೃಷ್ಣ ಅನ್ಬೋದು ಮಿಸ್" ಅಂದ್ಲು. ಆಮೇಲೆ ಬರೆದೆ, 'ನಿನ್ನೆ ರಾತ್ರಿ ನಮ್ಮ ಮನೆಯಲ್ಲಿ'. ಕರೆಂಟ್ ಹೋಗಿತ್ತು, ಮುದ್ದೆ ಮಾಡಿದ್ರು, ಅಜ್ಜಿ ಬಂದಿದ್ರು ಅಂತ ಬೋರ್ಡು ತುಂಬಿತು. ಒಬ್ಬ ಹುಡುಗನ್ನ ನಿಲ್ಲಿಸಿ, ಇದರಲ್ಲಿ ನಿಮ್ಮ ಮನೆಯದು ಯಾವುದು ಅಂದೆ. "ಯಾವುದೂ ಅಲ್ಲ ಮಿಸ್, ನಮ್ಮ ಎಮ್ಮೆ ಈಯ್ತು" ಅಂದ.

ಆಗ ಹೇಳಿದೆ: ಎಐ ಅನ್ನೋದು ಬಹಳ ಬಹಳ ಬರಹ ಓದಿ, ಯಾವ ಪದ ಆದ ಮೇಲೆ ಯಾವ ಪದ ಬರೋದು ಹೆಚ್ಚು ಅಂತ ಲೆಕ್ಕ ಹಾಕಿ ಪೋಣಿಸುತ್ತೆ. ಬೆಣ್ಣೆ ಆದ ಮೇಲೆ ದೋಸೆ ಅನ್ನೋದು ಅದಕ್ಕೆ ಗೊತ್ತು. ನಿಮ್ಮ ಎಮ್ಮೆ ಈದದ್ದು ನೀವು ಹೇಳದೆ ಅದಕ್ಕೆ ಗೊತ್ತಾಗಲ್ಲ. ಗೊತ್ತಿಲ್ಲದಿದ್ರೂ ಸುಮ್ಮನಿರದೆ ಏನೋ ಒಂದು ಚೆಂದವಾಗಿ ಹೇಳಿಬಿಡೋದುಂಟು. ಐದನೇ ತರಗತಿಗೆ ಇಷ್ಟು ಸಾಕು ಅಂತ ನನ್ನ ಲೆಕ್ಕ. ಈ ಆಟ ಆಡಿದ ಮಕ್ಕಳು ಒಂಬತ್ತಕ್ಕೆ ಬಂದಾಗ 'ನನ್ನ ಊರು' ಪ್ರಬಂಧಕ್ಕೆ ಎಐ ಕೇಳೋ ಮುಂಚೆ ಒಂದು ಸಲ ತಡೀತಾರೆ ಅಂತ ನಂಬಿದೀನಿ.

ದುರ್ಗದ ಕನ್ನಡ ಮೇಷ್ಟ್ರು · ಸೋಮವಾರ ರಾತ್ರಿ 9:15

ಟೀಚರಮ್ಮಾ, ಎಮ್ಮೆ ಈದ ಪಾಠ ನಾಳೆ ನನ್ನ ಕ್ಲಾಸಿಗೂ ಒಯ್ತೀನಿ. ನನ್ನ ಹುಡುಗನಿಗೆ ಅಂದು ಸಿಗದ ಉತ್ತರ ನಿಮ್ಮಲ್ಲಿ ಸಿಕ್ಕಿತು. ಅವನ ಹಳ್ಳ ಅವನಿಗೆ ಮಾತ್ರ ಗೊತ್ತು.

ಆ ಪ್ರಬಂಧ ಆದ ಮೇಲೆ ನಾನು ಮಾಡಿದ ಒಂದು ಕೆಲಸ ಹೇಳ್ತೀನಿ. ಯಂತ್ರ ನನ್ನ ಕೈಯಲ್ಲೇ ಇರಲಿ, ಮಕ್ಕಳು ಅದರ ಉತ್ತರ ತಿದ್ದಲಿ ಅಂತ ಶುರು ಮಾಡಿದೆ. ಮಕ್ಕಳಿಗೆ ಎಟುಕೋ ವಿಷಯವನ್ನೇ ಆರಿಸಿದೆ, ಚಿತ್ರದುರ್ಗದ ಪಕ್ಕದಲ್ಲೇ ಇರೋ ನಮ್ಮ ಚಂದ್ರವಳ್ಳಿಯ ಬಂಡೆ ಶಾಸನ. ಫೋನಲ್ಲಿ ಎಐಗೆ ಕನ್ನಡದಲ್ಲಿ ಕೇಳಿ, ಬಂದ ಉತ್ತರವನ್ನ ಬೋರ್ಡ್ ಮೇಲೆ ಹಾಗ್ಹಾಗೇ ಬರೆದೆ. ಶಾಸನ ಕನ್ನಡ ಭಾಷೆಯಲ್ಲಿದೆ, ಮಯೂರ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದ್ದನ್ನ ಹೇಳುತ್ತೆ ಅಂತಿತ್ತು. ಓದೋಕೆ ಬಹಳ ಚೆನ್ನಾಗಿತ್ತು. ಮಕ್ಕಳನ್ನ ನಾಲ್ಕು ಗುಂಪು ಮಾಡಿ, ಒಂದೊಂದು ಸಾಲನ್ನ ಒಂದೊಂದು ಗುಂಪಿಗೆ ಹಂಚಿದೆ. "ಇದು ಸರಿನೋ ತಪ್ಪೋ, ನಿಮಗೆ ಹೇಗೆ ಗೊತ್ತಾಯ್ತು, ಎರಡೂ ಹೇಳಬೇಕು."

ಶನಿವಾರ ಎಲ್ಲರನ್ನೂ ಚಂದ್ರವಳ್ಳಿಗೆ ಕರ್ಕೊಂಡು ಹೋದೆ. ಭೈರವೇಶ್ವರ ಗುಡಿ ಹತ್ರದ ಬಂಡೆ. ಕದಂಬರ ಮಯೂರಶರ್ಮನ ಶಾಸನ ಅದು, ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಹೇಳೋದು ಕೆರೆಯ ವಿಷಯ. ನಮ್ಮ ಶಾಲೆಯ ಸಮಾಜ ವಿಜ್ಞಾನದ ಮೇಡಂ ಗ್ರಂಥಾಲಯದಿಂದ ತಂದ ಪುಸ್ತಕವನ್ನೂ ಇಟ್ಕೊಂಡು ನೋಡಿದ್ರು. ಒಂದು ಗುಂಪಿನ ಹುಡುಗಿ ಬಂಡೆ ನೋಡಿ, "ಸಾರ್, ಕನ್ನಡ ಆಗಿದ್ರೆ ಒಂದಕ್ಷರನಾದ್ರೂ ನಮಗೆ ಸಿಗಬೇಕಿತ್ತಲ್ಲ?" ಅಂದ್ಲು. ಹಳೇ ಕಾಲದ ಕನ್ನಡ ಲಿಪಿಯೂ ಅವಳಿಗೆ ಸಿಗ್ತಿರಲಿಲ್ಲ ಅನ್ನೋದು ಬೇರೆ ಮಾತು, ಅದನ್ನೂ ಹೇಳಿದೆ. ಆದ್ರೆ ಆ ಪ್ರಶ್ನೆ ಅವಳದೇ.

ಅದೇ ಪ್ರಶ್ನೆಯನ್ನ ವಾಪಸ್ ಬಂದು ಇಂಗ್ಲಿಷಲ್ಲಿ ಕೇಳಿದಾಗ ಉತ್ತರ ಮೇಲಾಗಿತ್ತು, ಪ್ರಾಕೃತ ಅಂತ ಬಂತು. ಯಾಕೆ ಅಂತ ಮಕ್ಕಳು ಬೆನ್ನು ಹತ್ತಿದ್ರು. ಅಂತರ್ಜಾಲದಲ್ಲಿ ಇಂಗ್ಲಿಷ್ ಬರಹ ರಾಶಿ ರಾಶಿ, ಕನ್ನಡದ್ದು ಅದರ ಮುಂದೆ ಬಹಳ ಕಮ್ಮಿ. ಕಮ್ಮಿ ಓದಿದ್ದರಲ್ಲಿ ತಪ್ಪು ಹೆಚ್ಚು. "ಹಾಗಾದ್ರೆ ನಾವು ಬರೆದು ಹಾಕಿದ್ರೆ ಅದು ಕಲಿಯುತ್ತಾ ಸಾರ್?" ಅಂತ ಹಿಂದಿನ ಬೆಂಚಿನವನೊಬ್ಬ ಕೇಳಿದ. ಈಗ ಅವರಲ್ಲಿ ಐದು ಜನ ಕನ್ನಡ ವಿಕಿಪೀಡಿಯಕ್ಕೆ ತಮ್ಮ ಊರಿನ ಕೆರೆ, ಗುಡಿ ಬಗ್ಗೆ ಬರೆಯೋಕೆ ಟಿಪ್ಪಣಿ ಸೇರಿಸ್ತಿದ್ದಾರೆ.

ಗಾರೆ ಕೆಲಸದವ, ಹರಿಹರ · ಮಂಗಳವಾರ ರಾತ್ರಿ 8:40

ನಾನು ಗಾರೆ ಮೇಸ್ತ್ರಿ. ಮಗಳು ಎಂಟನೇ ಕ್ಲಾಸು. ಮನೇಲಿ ಇರೋದು ಒಂದೇ ಫೋನು, ಅದು ನಾನು ಕೆಲಸಕ್ಕೆ ಹೋಗೋವಾಗ ನನ್ನ ಜೇಬಲ್ಲಿ ಇರ್ತೈತಿ. ರಾತ್ರಿ ಒಂದು ತಾಸು ಅವಳಿಗೆ ಸಿಗ್ತೈತಿ. ಈಗ ವಾಟ್ಸಾಪಲ್ಲೇ ಎಐ ಬಂದೈತಿ, ಬೇರೆ ಏನೂ ಹಾಕ್ಕೊಳ್ಳೋದು ಬೇಕಿಲ್ಲ. ಮೊದ್ಲು ನಮ್ಮ ಮಗಳು ಹಿಂದೆ ಬೀಳ್ತಾಳಲ್ಲ ಅಂತ ಚಿಂತಿ ಇತ್ತು, ನೀವೆಲ್ಲ ಹೇಳಿದ್ದು ಓದಿ ಸ್ವಲ್ಪ ಹಗುರಾತು.

ಮೇಷ್ಟ್ರು ಯಾವಾಗ ಕೊಡಬೇಕು, ಯಾವಾಗ ತೆಗೀಬೇಕು ಅಂತ ಕೇಳ್ಯಾರ. ನಮ್ಮ ಕೆಲಸದಾಗ ಅದಕ್ಕೆ ಲೆಕ್ಕ ಐತಿ. ಆರ್‌ಸಿಸಿ ಹಾಕಿದ ಮೇಲೆ ಸೆಂಟ್ರಿಂಗ್, ಅಂದ್ರೆ ಅದಕ್ಕೆ ಕೆಳಗಿಂದ ಆನಿಸಿದ ಹಲಗೆ, ಕಂಬ ಬಿಚ್ಚೋದು. ಅವಸರ ಮಾಡಿ ಬಿಚ್ಚಿದ್ರೆ ಸ್ಲ್ಯಾಬು ಕೆಳಗೆ. ಬಿಚ್ಚಲೇ ಇಲ್ಲ ಅಂದ್ರೆ ಮನೆ ಒಳಗೆ ಕಂಬದ ಕಾಡು, ಯಾರೂ ಓಡಾಡೋ ಹಂಗಿಲ್ಲ. ಸಣ್ಣ ಸಜ್ಜಕ್ಕೆ ಬೇಗ ಬಿಚ್ಚತೀವಿ, ದೊಡ್ಡ ಹಾಲಿಗೆ ದಿನ ಹೆಚ್ಚು ಬಿಡ್ತೀವಿ. ಬಿಚ್ಚೋವಾಗ ಒಂದೇ ಸಲ ಎಲ್ಲಾ ಕಂಬ ಎಳೆಯಲ್ಲ. ನಡುವಿನಿಂದ ಒಂದೊಂದೇ, ಮೇಲೆ ಕಣ್ಣಿಟ್ಟು. ಮತ್ತೆ ಸೆಂಟ್ರಿಂಗ್ ಇದ್ದಾಗಲೇ ಕ್ಯೂರಿಂಗ್ ಆಗಬೇಕು, ದಿನಾ ನೀರು ಹಾಕಬೇಕು. ನೀರು ಹಾಕದೆ ತಿಂಗಳು ಬಿಟ್ರೂ ಗಟ್ಟಿ ಆಗಲ್ಲ.

ಶಿಕ್ಷಕರ ತರಬೇತಿಯಲ್ಲಿರುವವಳು · ಮಂಗಳವಾರ ರಾತ್ರಿ 9:30

ಮೇಸ್ತ್ರಿ ಅಣ್ಣಾ, ನಾವು ತರಬೇತಿಯಲ್ಲಿ ಎರಡು ತಾಸು ಹೇಳೋದನ್ನ ನೀವು ಹತ್ತು ಸಾಲಲ್ಲಿ ಹೇಳಿದ್ರಿ. 1976ರಲ್ಲಿ ವುಡ್, ಬ್ರೂನರ್, ರಾಸ್ ಅನ್ನೋ ಮೂವರು ಮನಃಶಾಸ್ತ್ರಜ್ಞರು, ಮಕ್ಕಳಿಗೆ ಕೊಡೋ ಇಂಥ ಸಹಾಯಕ್ಕೆ ಕಟ್ಟಡ ಕೆಲಸದ ಸಾರುವೆಯ ಹೆಸರನ್ನೇ ಇಟ್ರು. ಕ್ಯೂರಿಂಗ್ ಅಂದಿರಲ್ಲ, ಅದು ಬಹಳ ಮುಖ್ಯ. ಫೋನ್ ಕೊಡದೆ ಇಟ್ಟ ಮಾತ್ರಕ್ಕೆ ಮಗು ಗಟ್ಟಿಯಾಗಲ್ಲ. ಓದಿಸೋದು, ಬರೆಸೋದು, ಮಾತಾಡಿಸೋದು ಅಷ್ಟೂ ದಿನ ನಡೀತಿರಬೇಕು.

ವಿಶ್ವಸಂಸ್ಥೆಯ ಶಿಕ್ಷಣ ಸಂಸ್ಥೆ ಯುನೆಸ್ಕೋ 2024ರಲ್ಲಿ ವಿದ್ಯಾರ್ಥಿಗಳಿಗಾಗಿ ಎಐ ಸಾಮರ್ಥ್ಯದ ಚೌಕಟ್ಟು ತಂದಿದೆ. ಅದರಲ್ಲಿ ಮೂರು ಮೆಟ್ಟಿಲು. ಅರಿಯೋದು, ಬಳಸೋದು, ಕಟ್ಟೋದು. ಕಿರಿಯರ ಟೀಚರ್ ಮಾಡಿದ್ದು ಮೊದಲನೇದು, ಟ್ಯೂಷನ್ ಸಾರ್ ಎರಡನೇದು, ವಿಕಿಪೀಡಿಯಕ್ಕೆ ಹೊರಟ ಆ ಐದು ಮಕ್ಕಳು ಮೂರನೇದರ ಹೊಸಿಲಲ್ಲಿದ್ದಾರೆ. ಅದಕ್ಕೆ ಒಂದು ವರ್ಷ ಮುಂಚೆ, 2023ರಲ್ಲಿ, ತರಗತಿಯಲ್ಲಿ ಇಂಥ ಎಐ ಜೊತೆ ಮಕ್ಕಳು ನೇರವಾಗಿ ಮಾತಾಡೋಕೆ ಕನಿಷ್ಠ 13 ವರ್ಷ ಇರಲಿ ಅಂತಲೂ ಅದೇ ಯುನೆಸ್ಕೋ ಹೇಳಿತ್ತು. ಚಾಟ್‌ಜಿಪಿಟಿಯ ನಿಯಮದಲ್ಲೂ 13 ತುಂಬಿರಬೇಕು, 18ರ ಒಳಗಿನವರಿಗೆ ಮನೆಯವರ ಒಪ್ಪಿಗೆ ಬೇಕು. ಎಂಟನೇ ತರಗತಿಯ ಮಗಳಿಗೆ ಒಂದು ಮಾತು ತಪ್ಪದೆ ಹೇಳಿ ಅಣ್ಣಾ: ಹೆಸರು, ಶಾಲೆ, ಫೋಟೋ, ಮನೆ ವಿಷಯ ಏನನ್ನೂ ಅದರಲ್ಲಿ ಹಾಕೋ ಹಾಗಿಲ್ಲ. ಅಂಕಪಟ್ಟಿ ಫೋಟೋ ಹಾಕಿ ನಾನು ಏನು ಓದಲಿ ಅಂತ ಕೇಳೋ ಮಕ್ಕಳನ್ನ ನೋಡಿದೀನಿ.

ಹಿರಿಯೂರು ಕಡೆಯ ಶಿಕ್ಷಕ · ಬುಧವಾರ ಬೆಳಿಗ್ಗೆ 6:50

ಎಲ್ಲಾ ಸರಿ. ನನ್ನ ಕ್ಲಾಸಲ್ಲಿ 58 ಮಕ್ಕಳು. ವಾರಕ್ಕೆ ಇಷ್ಟು ಪೀರಿಯಡ್, ಅದರ ಮೇಲೆ ಎಫ್‌ಎ, ಎಸ್‌ಎ ಪರೀಕ್ಷೆಗಳು, ಬಿಸಿಯೂಟದ ಲೆಕ್ಕ, ಸಮೀಕ್ಷೆ ಡ್ಯೂಟಿ. ಒಬ್ಬೊಬ್ಬರ ಹತ್ರ ಕೂತು ಎಲ್ಲಿ ಸಹಾಯ ಕೊಡಬೇಕು, ಎಲ್ಲಿ ತೆಗೀಬೇಕು ಅಂತ ನೋಡೋಕೆ ಯಾವಾಗ ಬಿಡುವು? ಚಳ್ಳಕೆರೆ ಹತ್ರ ಕುದಾಪುರದ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಕ್ಯಾಂಪಸ್ಸಲ್ಲಿ ವಿಜ್ಞಾನ ಶಿಕ್ಷಕರಿಗೆ ಪ್ರಯೋಗದ ತರಬೇತಿ ಆಗುತ್ತೆ, ಅದರಿಂದ ಬಂದವರ ಪಾಠದಲ್ಲಿ ವ್ಯತ್ಯಾಸ ಕಾಣುತ್ತೆ. ಎಐ ವಿಷಯಕ್ಕೂ ಕೈಯಾರೆ ಮಾಡಿ ಕಲಿಯೋ ಅಂಥದ್ದೊಂದು ಬೇಕು. ಇಲ್ಲದಿದ್ರೆ ಇದು ಉತ್ಸಾಹ ಇರೋ ನಾಲ್ಕು ಜನರ ಕೆಲಸ ಆಗಿ ಉಳಿಯುತ್ತೆ.

ದುರ್ಗದ ಕನ್ನಡ ಮೇಷ್ಟ್ರು · ಬುಧವಾರ ರಾತ್ರಿ 9:50

ನೀವು ಹೇಳಿದ್ದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ ಸಾರ್. 58 ಮಕ್ಕಳ ನೋಟ್‌ಬುಕ್ ನೋಡೋ ಕಷ್ಟ ನನಗೂ ಗೊತ್ತು. ನಾನು ಕಂಡುಕೊಂಡ ಚಿಕ್ಕ ದಾರಿ ಒಂದಿದೆ. ಪ್ರತಿ ಪ್ರಬಂಧದ ಕೊನೆಗೆ ನಾಲ್ಕು ಸಾಲು ಬರೆಸ್ತೀನಿ. ಎಐ ಕೇಳೋ ಮುಂಚೆ ನಾನು ಏನು ಬರೆದಿದ್ದೆ, ಅದಕ್ಕೆ ಏನು ಕೇಳಿದೆ, ಅದು ಹೇಳಿದ್ದರಲ್ಲಿ ಯಾವುದನ್ನ ಬಿಟ್ಟೆ, ಯಾಕೆ ಬಿಟ್ಟೆ. ನಾನು ಮೊದಲು ಓದೋದು ಆ ಕೊನೇ ಎರಡು ಸಾಲು. 'ಏನೂ ಬಿಡಲಿಲ್ಲ' ಅಂತ ಬರೆದ ಮಗುವಿನ ಹತ್ರ ಮಾತ್ರ ಹೋಗಿ ಕೂತ್ಕೊಳ್ತೀನಿ. ಎಐ ಬಳಸಿದ್ದಕ್ಕೆ ಅಂಕ ಕಡಿಯೋದಿಲ್ಲ. ಬಳಸಿ ಬಚ್ಚಿಟ್ರೆ ಕೂರಿಸಿ ಮಾತಾಡ್ತೀನಿ. ಅರ್ಧ ವರ್ಷ ಆದ ಮೇಲೆ ತಿಂಗಳಿಗೊಂದು ಬರಹ ಪೂರ್ತಿ ಕ್ಲಾಸಲ್ಲೇ, ಕೈಯಲ್ಲೇ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ್ರೆ ಯಾರ ಸೆಂಟ್ರಿಂಗ್ ಬಿಚ್ಚಬಹುದು ಅಂತ ಕಾಣುತ್ತೆ, ಮೇಸ್ತ್ರಿ ಅಣ್ಣನ ಮಾತಲ್ಲೇ ಹೇಳೋದಾದ್ರೆ.

ಆ ಹುಡುಗ ಪ್ರಬಂಧ ಮತ್ತೆ ಬರೆದ. ಒಂದೂವರೆ ಪುಟ. ಅಕ್ಷರ ಸೊಟ್ಟ, ಕಾಗುಣಿತದ ತಪ್ಪು ಹನ್ನೊಂದು. ಹಳ್ಳದಲ್ಲಿ ನೀರು ಬಂದ ದಿನ ಶಾಲೆಗೆ ಬರೋಕಾಗದೆ ಆಚೆ ದಡದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದನ್ನ ಬರೆದಿದ್ದಾನೆ. ತಪ್ಪು ತಿದ್ದೋಕೆ ಎಐ ಬಳಸಲಾ ಅಂತ ಕೇಳಿದ. ಮೊದಲು ನೀನೇ ನಿಘಂಟು ನೋಡಿ ಆರು ತಿದ್ದು, ಉಳಿದದ್ದಕ್ಕೆ ಕೇಳು, ಒಂದು ಸಾಲನ್ನೂ ಅದು ಬದಲಿಸದ ಹಾಗೆ ನೋಡ್ಕೊ ಅಂದೆ. ಏಳು ಅವನೇ ತಿದ್ದಿದ.

ನಿವೃತ್ತ ಹೆಡ್‌ಮೇಷ್ಟ್ರು, ಹೊಳಲ್ಕೆರೆ · ಗುರುವಾರ ಬೆಳಿಗ್ಗೆ 7:30

ಹತ್ತನೇ ತರಗತಿ ತನಕ ಮಕ್ಕಳ ಕೈಗೆ ಫೋನ್ ಬೇಡ ಅನ್ನೋ ನನ್ನ ಮಾತು ನಾನು ಬಿಟ್ಟಿಲ್ಲ. ಆದ್ರೆ ಮೇಷ್ಟ್ರ ಕೈಯಲ್ಲಿ ಫೋನಿದ್ದು ಮಕ್ಕಳು ಅದರ ತಪ್ಪು ಹುಡುಕೋ ಪಾಠಕ್ಕೆ ನನ್ನ ತಕರಾರಿಲ್ಲ. ಹನ್ನೊಂದು ತಪ್ಪಿನ ಆ ಪ್ರಬಂಧವನ್ನ, ಹುಡುಗ ಒಪ್ಪಿದ್ರೆ, ನನಗೊಮ್ಮೆ ಓದೋಕೆ ಕೊಡಿ.

ವಿದ್ಯಾನಗರದ ತಾಯಿ, ದಾವಣಗೆರೆ · ಗುರುವಾರ ರಾತ್ರಿ 10:45

ಟ್ಯೂಷನ್ ಸಾರ್, ನೀವು ಹೇಳಿದಂಗೆ ಮಾಡ್ದೆ. ಮೊದಲೆರಡು ದಿನ "ನಿಂಗೆ ತಿಳಿಯಲ್ಲ ಬಿಡಮ್ಮಾ" ಅಂತ ಎದ್ದು ಹೋದ. ಇವತ್ತು ಕೂತ. ಟ್ರಾನ್ಸ್‌ಫಾರ್ಮರ್ ಪಾಠ ಅಂತೆ. ನಮ್ಮ ಓಣಿ ತುದೀಲಿ ಕಂಬದ ಮೇಲೆ ಐತಲ್ಲ, ಅದೇನಾ ಅಂದೆ. ಹೂಂ ಅಂದ. ಒಳಗೆ ಎರಡು ಸುರುಳಿ ತಂತಿ ಇರ್ತಾವಂತೆ, ಒಂದಕ್ಕೊಂದು ತಾಗಿರಲ್ವಂತೆ, ಒಂದರಿಂದ ಇನ್ನೊಂದಕ್ಕೆ ಕರೆಂಟ್ ಬರ್ತದಂತೆ. ತಾಗೇ ಇಲ್ಲ ಅಂತೀಯಲ್ಲ, ಮತ್ತೆ ಹೆಂಗೆ ದಾಟ್ತದೆ ಅಂದೆ. ಸುಮ್ಮನಾದ. ಕೈ ಫೋನಿಗೆ ಹೋಯ್ತು. ಮೊದ್ಲು ಪುಸ್ತಕ ನೋಡು, ಸಿಗದಿದ್ರೆ ಆಮೇಲೆ ಕೇಳು ಅಂದೆ. ಅರ್ಧ ಗಂಟೆ ಪುಟ ತಿರುವಿದ. ಆಮೇಲೆ ತಾನೇ ಅಡಿಗೆಮನೆಗೆ ಬಂದು, ಕರೆಂಟ್ ಏರಿಳೀತಾ ಇದ್ರೆ ಸುತ್ತ ಅಯಸ್ಕಾಂತದ ಬಲಾನೂ ಏರಿಳೀತದೆ, ಅದು ಆ ಕಡೆ ಸುರುಳೀಲಿ ಕರೆಂಟ್ ಹುಟ್ಟಿಸ್ತದೆ ಅಂತ ಏನೇನೋ ಹೇಳಿದ. ನನಗೆ ಅರ್ಧ ತಿಳೀತು. ಅವನ ಮುಖ ನೋಡಿದ್ರೆ ಅವನಿಗೆ ಪೂರ್ತಿ ತಿಳಿದಂಗಿತ್ತು. ನಾಳೆ ಏನು ಕೇಳ್ಲಿ?

ಗಣಿತದ ಟ್ಯೂಷನ್, ದಾವಣಗೆರೆ · ಗುರುವಾರ ರಾತ್ರಿ 11:05

ಅಕ್ಕಾರೆ, ಆ ಪಾಠದ ಕೀಲು ಇರೋದೇ ನೀವು ಕೇಳಿದ ಜಾಗದಲ್ಲಿ. ನಾಳೆ ಇಷ್ಟು ಕೇಳಿ: "ಕಂಬದ ಕರೆಂಟ್ ಬದಲು ಆ ಸುರುಳಿಗೆ ಟಾರ್ಚಿನ ಸೆಲ್ ಹಾಕಿ ಹಾಗೇ ಬಿಟ್ರೆ, ಆಚೆ ಕಡೆ ಬಲ್ಬ್ ಉರಿಯುತ್ತಾ?" ಉತ್ತರ ನಾನು ನಿಮಗೆ ಈಗ ಹೇಳಲ್ಲ. ಅವನಿಂದಲೇ ಕೇಳ್ಕೊಂಡು ಇಲ್ಲಿ ಬರೀರಿ.